ಮಣ್ಣಲ್ಲಿ ಕಬ್ಬಿಣ ಇದ್ದರೂ ಶೇಂಗಾ ಬಿಳಿಚಿಕೊಳ್ಳೋದು ಯಾಕೆ? ಲಘು ಪೋಷಕಾಂಶಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಲಘು ಪೋಷಕಾಂಶ ಅಂದ ತಕ್ಷಣ ಮಾತು ನೇರವಾಗಿ ಪ್ಯಾಕೆಟ್‌ಗೆ ಹೋಗುತ್ತದೆ. ಯಾವುದು ಹಾಕಬೇಕು, ಎಷ್ಟು ಹಾಕಬೇಕು, ಎಷ್ಟು ರೂಪಾಯಿ. ಬೇರು ಅದನ್ನು ಹೇಗೆ ಎಳೆದುಕೊಳ್ಳುತ್ತದೆ ಎಂದು ಕೇಳುವವರು ಕಡಿಮೆ. ಆದರೆ ಹೊಲದಲ್ಲಿ ಕಾಣುವ ಅರ್ಧ ತೊಂದರೆಗೆ ಉತ್ತರ ಇರುವುದು ಅಲ್ಲೇ. ಒಂದೇ ಮಣ್ಣಿನಲ್ಲಿ ಒಂದು ಬೆಳೆ ಹಸಿರಾಗಿರುತ್ತದೆ, ಪಕ್ಕದ ಬೆಳೆ ಸೊರಗುತ್ತದೆ. ಹೀಗಾಗಿ ಪ್ರಶ್ನೆಗಳನ್ನು ಬೇರಿನ ಕಡೆಯಿಂದ ನೋಡೋಣ.

ಲಘು ಪೋಷಕಾಂಶ ಅಂದ್ರೆ ಯಾವುವು?

ಕಬ್ಬಿಣ, ಮ್ಯಾಂಗನೀಸ್, ಸತು, ತಾಮ್ರ, ಬೋರಾನ್, ಮಾಲಿಬ್ಡಿನಂ, ಕ್ಲೋರಿನ್, ನಿಕಲ್. ಒಟ್ಟು ಎಂಟು. ಕೊನೆಯ ಎರಡರ ಕೊರತೆ ಹೊಲದಲ್ಲಿ ಕಾಣುವುದೇ ಅಪರೂಪ, ಅವನ್ನು ಬಿಡಿ. ಸತುವನ್ನು ಅಂಗಡಿಯಲ್ಲಿ ಎಲ್ಲರೂ ಜಿಂಕ್ ಎಂದೇ ಕೇಳುತ್ತಾರೆ. ನಾನೂ ಇಲ್ಲಿ ಹಾಗೆಯೇ ಬರೆಯುತ್ತೇನೆ.

"ಲಘು" ಅಂದರೆ ಬೇಕಾಗುವ ಪ್ರಮಾಣ ಕಡಿಮೆ ಎಂದಷ್ಟೇ, ಕೆಲಸ ಚಿಕ್ಕದು ಎಂದಲ್ಲ. 1 ಟನ್ ಭತ್ತ ಬೆಳೆಯಲು ಪೈರಿಗೆ ಬೇಕಾಗುವ ಜಿಂಕ್ ಸುಮಾರು 50 ಗ್ರಾಂ. ಒಂದು ಹಿಡಿಯಷ್ಟು. ಅದು ಸಿಗದಿದ್ದರೆ ಚೀಲಗಟ್ಟಲೆ ಯೂರಿಯಾ ಸುರಿದರೂ ಪೈರು ಮೇಲೇಳುವುದಿಲ್ಲ.

ನಮ್ಮ ಹೊಲದ ಮಣ್ಣಲ್ಲಿ ಕಬ್ಬಿಣಕ್ಕೇನು ಬರ? ಆದರೂ ಕಬ್ಬಿಣದ ಕೊರತೆ ಅಂತಾರಲ್ಲ?

ಒಳ್ಳೆಯ ಪ್ರಶ್ನೆ. ಒಂದು ಲೆಕ್ಕ ಹಾಕೋಣ. ಒಂದು ಎಕರೆಯ ಮೇಲಿನ 15 ಸೆಂಟಿಮೀಟರ್ ಮಣ್ಣು ಸುಮಾರು 9 ಲಕ್ಷ ಕೆಜಿ ತೂಗುತ್ತದೆ. ಅದರಲ್ಲಿ ನೂರಕ್ಕೆ 3 ಪಾಲು ಕಬ್ಬಿಣ ಎಂದುಕೊಂಡರೂ 27 ಟನ್ ಆಯಿತು. ಬೆಳೆಗೆ ಬೇಕಾದದ್ದು ಎಕರೆಗೆ ಹೆಚ್ಚೆಂದರೆ ಒಂದೆರಡು ಕೆಜಿ. ಅಂದರೆ ಮಣ್ಣಿನಲ್ಲಿ ಕಬ್ಬಿಣ ಇಲ್ಲ ಎಂಬ ಮಾತೇ ಇಲ್ಲ. ಬಾವಿ ತುಂಬಾ ನೀರಿದೆ, ಹಗ್ಗ ಗಿಡ್ಡ. ಅಷ್ಟೇ.

ಹಗ್ಗವನ್ನು ಗಿಡ್ಡ ಮಾಡುವುದು ಮಣ್ಣಿನ ರಸಸಾರ, ಅಂದರೆ ಪಿಎಚ್. ಗಾಳಿಯಾಡುವ ಮಣ್ಣಿನಲ್ಲಿ ಕಬ್ಬಿಣ ತುಕ್ಕಿನ ರೂಪದಲ್ಲಿ ಇರುತ್ತದೆ. ರಸಸಾರ ಒಂದು ಅಂಕ ಏರಿದರೆ ಅದು ನೀರಿನಲ್ಲಿ ಕರಗುವುದು ಸಾವಿರ ಪಟ್ಟು ಇಳಿಯುತ್ತದೆ. ಜಿಂಕ್ ಆದರೆ ನೂರು ಪಟ್ಟು. ಆರೂವರೆ ಇರುವ ಕೆಂಪು ಮಣ್ಣಿಗೂ ಎಂಟೂವರೆ ಇರುವ, ಸುಣ್ಣದ ಹರಳು ಕಾಣುವ ಎರೆ ಭೂಮಿಗೂ ಇರುವ ಅಂತರ ಇದರಿಂದಲೇ ಅಂದಾಜು ಮಾಡಿ. ವಿಜಯಪುರ ಕಡೆಯ ಸುಣ್ಣದ ನೆಲದ ದ್ರಾಕ್ಷಿ ತೋಟಗಳಲ್ಲಿ ಚಿಗುರು ಹಳದಿಯಾಗುವುದು ಕಬ್ಬಿಣ ಇಲ್ಲದೆ ಅಲ್ಲ, ಅದು ಕರಗದೆ.

ಇವು ಬೇರಿನ ಹತ್ತಿರ ಬರೋದು ಹೇಗೆ? ನೀರಿನ ಜೊತೆ ತಾನೇ ಬರಲ್ವಾ?

ಬೋರಾನ್ ಹಾಗೆ ಬರುತ್ತದೆ. ಗಿಡ ನೀರು ಹೀರಿದಂತೆ ಅದರ ಜೊತೆಗೇ ಹರಿದು ಬರುತ್ತದೆ. ಹಾಗಾಗಿ ಮಳೆ ಕೈಕೊಟ್ಟು ಮೇಲ್ಮಣ್ಣು ಒಣಗಿದಾಗ ಬೋರಾನ್ ಕೊರತೆ ದಿಢೀರನೆ ಕಾಣುತ್ತದೆ.

ಜಿಂಕ್ ಮತ್ತು ಕಬ್ಬಿಣ ಹಾಗಲ್ಲ. ಅವು ಮಣ್ಣಿನ ಕಣಗಳಿಗೆ ಅಂಟಿಕೊಂಡು ಕೂತಿರುತ್ತವೆ, ಸರಿಯುವುದು ಕೆಲವೇ ಮಿಲಿಮೀಟರ್. ಬೇರು ತಾನೇ ಅವುಗಳ ಬಳಿಗೆ ಹೋಗಬೇಕು. ಹೀಗಾಗಿ ತೆಳು ಬೇರು, ದಟ್ಟ ರೋಮ ಇರುವ ಬೆಳೆಗಳು ಗೆಲ್ಲುತ್ತವೆ. ಬೇರು ಇಳಿಯದ ಗಟ್ಟಿ ನೆಲ, ನೀರು ನಿಂತು ಕೊಳೆತ ಬೇರು, ಸಸಿಯಾಗಿದ್ದಾಗಲೇ ಬಿದ್ದ ಚಳಿ, ಇವೆಲ್ಲ ಜಿಂಕ್ ಕೊರತೆಯಂತೆಯೇ ಕಾಣುವುದು ಇದಕ್ಕೇ.

ಶೇಂಗಾ ಕಬ್ಬಿಣ ತಗೊಳೋ ರೀತಿ ಬೇರೆ, ಜೋಳದ್ದು ಬೇರೆ ಅಂತಾರೆ. ನಿಜವೇ?

ನಿಜ. ಈ ಇಡೀ ವಿಷಯದಲ್ಲಿ ನನಗೆ ಅತ್ಯಂತ ಇಷ್ಟವಾದದ್ದೂ ಇದೇ.

ದ್ವಿದಳ ಗಿಡಗಳು, ಅಂದರೆ ಶೇಂಗಾ, ಕಡಲೆ, ಸೋಯಾ, ಟೊಮೆಟೊ, ಸೂರ್ಯಕಾಂತಿ, ದ್ರಾಕ್ಷಿ, ಒಂದು ಕ್ರಮ ಅನುಸರಿಸುತ್ತವೆ. ಕಬ್ಬಿಣ ಸಾಲದು ಎಂದು ಗೊತ್ತಾದ ಕೂಡಲೇ ಬೇರು ತನ್ನ ಸುತ್ತ ಹುಳಿ ಬಿಡುತ್ತದೆ. ಸುತ್ತಲಿನ ಮಣ್ಣಿನ ರಸಸಾರ ಇಳಿಯುತ್ತದೆ, ಒಂದಿಷ್ಟು ತುಕ್ಕು ಕರಗುತ್ತದೆ. ಆಮೇಲೆ ಬೇರಿನ ಚರ್ಮದ ಮೇಲಿರುವ ಒಂದು ಕಿಣ್ವ ಆ ಕಬ್ಬಿಣಕ್ಕೆ ಒಂದು ಎಲೆಕ್ಟ್ರಾನ್ ಕೊಟ್ಟು ಅದರ ರೂಪ ಬದಲಿಸುತ್ತದೆ. ಬಾಗಿಲು ತೆರೆಯುವುದು ಆ ಬದಲಾದ ರೂಪಕ್ಕೆ ಮಾತ್ರ.

ಹುಲ್ಲಿನ ಜಾತಿಯವು, ಅಂದರೆ ಗೋಧಿ, ಬಾರ್ಲಿ, ಮೆಕ್ಕೆಜೋಳ, ಜೋಳ, ರಾಗಿ, ಹೀಗೆ ಮಾಡುವುದಿಲ್ಲ. ಇವು ಇಕ್ಕಳದಂಥ ಒಂದು ಪದಾರ್ಥವನ್ನು ಮಣ್ಣಿಗೆ ಬಿಡುತ್ತವೆ. ಅದು ತುಕ್ಕಿನಿಂದ ಕಬ್ಬಿಣವನ್ನು ಕಚ್ಚಿ ಹಿಡಿಯುತ್ತದೆ. ಬೇರು ಇಕ್ಕಳವನ್ನೂ ಕಬ್ಬಿಣವನ್ನೂ ಒಟ್ಟಿಗೇ ಒಳಗೆ ಎಳೆದುಕೊಳ್ಳುತ್ತದೆ. ಜಪಾನಿನ ವಿಜ್ಞಾನಿ ತಕಾಗಿ 1970ರ ದಶಕದಲ್ಲಿ ಇದನ್ನು ಕಂಡುಹಿಡಿದರು. ಬಾರ್ಲಿಯಲ್ಲಿ ನೋಡಿದಾಗ ಇನ್ನೊಂದು ಸೋಜಿಗ ತಿಳಿಯಿತು. ಬೇರು ಇದನ್ನು ದಿನವಿಡೀ ಬಿಡುವುದಿಲ್ಲ, ಸೂರ್ಯ ಹುಟ್ಟಿದ ಮೇಲೆ ಕೆಲವು ಗಂಟೆ ಮಾತ್ರ ಒಟ್ಟಿಗೆ ಸುರಿಯುತ್ತದೆ. ಹಾಗೆ ಮಾಡಿದರೆ ಮಣ್ಣಿನ ಸೂಕ್ಷ್ಮಜೀವಿಗಳು ತಿಂದು ಮುಗಿಸುವ ಮೊದಲೇ ಕೆಲಸ ಆಗುತ್ತದೆ. 1986ರಲ್ಲಿ ಜರ್ಮನಿಯ ರೋಮ್‌ಹೆಲ್ಡ್ ಮತ್ತು ಮಾರ್ಷ್ನರ್ ಈ ಎರಡು ದಾರಿಗಳನ್ನು ಮೊದಲನೆಯದು, ಎರಡನೆಯದು ಎಂದು ವಿಂಗಡಿಸಿದರು. ಇಂದಿಗೂ ಅದೇ ಹೆಸರು.

ಇದು ನಮಗೆ ಯಾಕೆ ಬೇಕು ಅಂದರೆ, ಸುಣ್ಣದ ಮಣ್ಣಿನಲ್ಲಿ ಮೊದಲನೆಯ ದಾರಿ ಸೋಲುತ್ತದೆ. ಬೇರು ಬಿಟ್ಟ ಹುಳಿಯನ್ನು ಸುಣ್ಣ ಅಲ್ಲೇ ನುಂಗಿಬಿಡುತ್ತದೆ. ಮಳೆ ಹಿಡಿದು ನೆಲ ತೇವವಾಗಿದ್ದರೆ ಮಣ್ಣಲ್ಲಿ ಹುಳಿಯನ್ನು ನುಂಗುವ ಬೈಕಾರ್ಬೊನೇಟ್ ಎಂಬ ಲವಣ ಕೂಡಿಕೊಂಡು ಇನ್ನೂ ಕಷ್ಟ. ಜಡಿಮಳೆ ಹಿಡಿದಾಗ ಎರೆ ಹೊಲದ ಶೇಂಗಾ ಹಳದಿಯಾಗಿ, ಬಿಸಿಲು ಬಿದ್ದು ನೆಲ ಆರಿದ ಮೇಲೆ ತಾನಾಗಿಯೇ ಹಸಿರಾಗುವುದನ್ನು ನೀವು ನೋಡಿರಬಹುದು. ನಡುವೆ ಯಾವುದೋ ಔಷಧಿ ಹೊಡೆದಿದ್ದರೆ ಹೆಸರು ಅದಕ್ಕೆ ಹೋಗುತ್ತದೆ, ಅಲ್ವಾ! ಕೆಲವು ಕೊಳವೆ ಬಾವಿಗಳ ನೀರಲ್ಲೂ ಬೈಕಾರ್ಬೊನೇಟ್ ಜಾಸ್ತಿ ಇರುತ್ತದೆ. ಆ ನೀರು ಹಾಯಿಸಿದಲ್ಲೂ ಇದೇ ಕಥೆ.

ಹಾಗಾದ್ರೆ ಹುಲ್ಲಿನ ಜಾತಿಗೆ ಕಬ್ಬಿಣದ ಕೊರತೆಯೇ ಬರಬಾರದು. ಜೋಳ, ಕುಳೆ ಕಬ್ಬು ಯಾಕೆ ಬಿಳಿಚಿಕೊಳ್ಳುತ್ತವೆ?

ಇಕ್ಕಳ ಎಲ್ಲರ ಬಳಿ ಒಂದೇ ಅಳತೆಯಲ್ಲಿ ಇಲ್ಲ. ಬಾರ್ಲಿ ಧಾರಾಳವಾಗಿ ಬಿಡುತ್ತದೆ, ಗೋಧಿ ಅದರ ಹಿಂದೆ. ಮೆಕ್ಕೆಜೋಳ ಕಡಿಮೆ, ಜೋಳ ಇನ್ನೂ ಕಡಿಮೆ, ಭತ್ತ ಎಲ್ಲರಿಗಿಂತ ಕಡಿಮೆ. ಹಾಗಾಗಿ ಸುಣ್ಣದ ನೆಲದಲ್ಲಿ ಗೋಧಿ ಹಸಿರಾಗಿದ್ದು ಪಕ್ಕದ ಜೋಳದ ಎಲೆಯಲ್ಲಿ ಬಿಳಿ ಗೀರು ಬಂದರೆ ಅಚ್ಚರಿ ಬೇಡ.

ಕುಳೆ ಕಬ್ಬಿನ ವಿಷಯ ಸ್ವಲ್ಪ ಬೇರೆ. ಕಟಾವಿನ ನಂತರ ಹಳೆ ಬೇರಿನ ಶಕ್ತಿ ಕುಂದಿರುತ್ತದೆ, ಹೊಸ ಬೇರು ಇನ್ನೂ ಬಂದಿರುವುದಿಲ್ಲ, ಚಿಗುರು ಮಾತ್ರ ಭರದಿಂದ ಏಳುತ್ತದೆ. ಆ ನಡುವಿನ ದಿನಗಳಲ್ಲಿ ಸುಳಿ ಬೆಳ್ಳಗಾಗುತ್ತದೆ.

ಶೇಂಗಾ ಜೊತೆ ಮೆಕ್ಕೆಜೋಳ ಹಾಕಿದ್ರೆ ಶೇಂಗಾ ಹಸಿರಾಗುತ್ತೆ ಅನ್ನೋದು ಸುಮ್ನೆ ಮಾತಾ?

ಸುಮ್ನೆ ಅಲ್ಲ. ಉತ್ತರ ಚೀನಾದ ಸುಣ್ಣದ ಮಣ್ಣಿನಲ್ಲಿ ಇದನ್ನು ಚೆನ್ನಾಗಿ ಪರೀಕ್ಷಿಸಿದ್ದಾರೆ. ಶೇಂಗಾವನ್ನು ಒಂಟಿಯಾಗಿ ಬಿತ್ತಿದಾಗ ಚಿಗುರು ಹಳದಿ, ಮೆಕ್ಕೆಜೋಳದ ಸಾಲಿನ ಪಕ್ಕ ಬಿತ್ತಿದಾಗ ಹಸಿರು. ಹತ್ತಿರದ ಸಾಲು ಹೆಚ್ಚು ಹಸಿರು, ದೂರದ್ದು ಕಡಿಮೆ. ಎರಡರ ಬೇರುಗಳ ನಡುವೆ ತಡೆ ಇಟ್ಟರೆ ಲಾಭ ಹೋಯಿತು. ಮೆಕ್ಕೆಜೋಳ ತನಗಾಗಿ ಬಿಟ್ಟ ಇಕ್ಕಳ ಕರಗಿಸಿದ ಕಬ್ಬಿಣದಲ್ಲಿ ನೆರೆಯ ಶೇಂಗಾಕ್ಕೂ ಪಾಲು ಸಿಕ್ಕಿತು ಎಂಬುದು ಅವರು ಕೊಟ್ಟ ವಿವರಣೆ.

ನಮ್ಮ ಹಿರಿಯರ ಅಕ್ಕಡಿ ಸಾಲಿಗೆ, ಅಂದರೆ ಮುಖ್ಯ ಬೆಳೆಯ ನಡುವೆ ಬೇರೆ ಬೆಳೆಯ ಸಾಲು ಹಾಕುವುದಕ್ಕೆ, ಇದೇ ಕಾರಣ ಎಂದು ನಾನು ಹೇಳುವುದಿಲ್ಲ. ಅವರು ಅಕ್ಕಡಿ ಹಾಕಿದ್ದು ಮಳೆ ಕೈಕೊಟ್ಟರೂ ಏನಾದರೂ ಕೈಗೆ ಬರಲಿ, ಮನೆಗೆ ಬೇಳೆ ಆಗಲಿ ಎಂದು. ಆದರೆ ಶೇಂಗಾ ಪ್ರತಿ ವರ್ಷ ಹಳದಿಯಾಗುವ ಹೊಲ ಇದ್ದರೆ, ಒಂದು ಪಟ್ಟಿಯಲ್ಲಿ ಮೆಕ್ಕೆಜೋಳ ಅಥವಾ ಜೋಳದ ಸಾಲು ಕೂಡಿಸಿ ನೋಡುವುದರಲ್ಲಿ ನಷ್ಟ ಏನೂ ಇಲ್ಲ.

ಭತ್ತ ಇಕ್ಕಳ ಬಿಡೋದು ಕಡಿಮೆ ಅಂದ್ರಿ. ಮತ್ತೆ ಅದಕ್ಕೆ ಕಬ್ಬಿಣ ಹೇಗೆ ಸಿಗುತ್ತೆ?

ನೀರು ನಿಂತ ಗದ್ದೆಯಲ್ಲಿ ಗಾಳಿ ಇಲ್ಲ. ಅಲ್ಲಿ ತುಕ್ಕು ತಾನಾಗಿಯೇ ಕರಗುವ ರೂಪಕ್ಕೆ ತಿರುಗುತ್ತದೆ. ಭತ್ತ ಅದನ್ನು ಸಲೀಸಾಗಿ ಹೀರುತ್ತದೆ. ಕೂತಲ್ಲೇ ಊಟ ಸಿಗುವವನಿಗೆ ಅಡುಗೆ ಯಾಕೆ? ಅದೇ ಭತ್ತವನ್ನು ನೀರು ನಿಲ್ಲಿಸದೆ ಒಣ ಬಿತ್ತನೆ ಮಾಡಿದಾಗ ಅಡುಗೆ ಬರುವುದಿಲ್ಲ ಎಂಬುದು ಗೊತ್ತಾಗುತ್ತದೆ. ಎಲೆ ಹಳದಿ, ಆಮೇಲೆ ಬಿಳಿ. ಕೂರಿಗೆ ಭತ್ತ, ಏರೋಬಿಕ್ ಭತ್ತ ಮಾಡುವವರು ಇದನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಜಿಂಕ್ ವಿಷಯದಲ್ಲಿ ಮಾತ್ರ ನೀರು ನಿಂತ ಗದ್ದೆ ಉಲ್ಟಾ. ನೀರು ನಿಂತಷ್ಟೂ ಜಿಂಕ್ ಸಿಗುವುದು ಕಡಿಮೆ. ನಾಟಿಯಾದ ಎರಡು ಮೂರು ವಾರಕ್ಕೆ ಕೆಳಗಿನ ಎಲೆಗಳಲ್ಲಿ ಕಂದು ಚುಕ್ಕೆ ಬಂದು, ಪೈರು ಗಿಡ್ಡಗೆ ಗುಂಪು ಗುಂಪಾಗಿ ನಿಂತರೆ ಅದು ಖೈರಾ. ಬಹಳ ಕಾಲ ಇದನ್ನು ರೋಗ ಎಂದೇ ಎಣಿಸಿದ್ದರು. 1966ರಲ್ಲಿ ಪಂತನಗರ ಕೃಷಿ ವಿಶ್ವವಿದ್ಯಾಲಯದ ವೈ. ಎಲ್. ನೆನೆ ಇದು ರೋಗವಲ್ಲ, ಜಿಂಕ್ ಕೊರತೆ ಎಂದು ತೋರಿಸಿದರು. ನೆನೆ ಸಸ್ಯರೋಗ ತಜ್ಞರು. ತನ್ನ ಕೈಗೆ ಬಂದದ್ದನ್ನು ರೋಗವೇ ಅಲ್ಲ ಎನ್ನಲು ರೋಗ ತಜ್ಞನಿಗೆ ದೊಡ್ಡ ಮನಸ್ಸು ಬೇಕು.

ನಮ್ಮದು ಕರಾವಳಿ. ಬೈಲು ಗದ್ದೆ ನೀರಿನ ಮೇಲೆ ಕೆಂಪು ಕೆನೆ ಕಟ್ಟುತ್ತೆ. ಅದೂ ಕೊರತೆಯಾ?

ಅಲ್ಲ, ಅತಿಯಾಗಿರುವುದು. ಜಂಬಿಟ್ಟಿಗೆ ಗುಡ್ಡಗಳಿಂದ ಜಿನುಗಿದ ನೀರು ಕರಗಿದ ಕಬ್ಬಿಣವನ್ನು ತಂದು ತಗ್ಗಿನ ಗದ್ದೆಗೆ ಸೇರಿಸುತ್ತದೆ. ಎಲೆ ತುದಿಯಿಂದ ಕಂಚಿನ ಬಣ್ಣಕ್ಕೆ ತಿರುಗುತ್ತದೆ. ಒಂದು ಪೈರು ಕಿತ್ತು ಬೇರು ತೊಳೆದು ನೋಡಿ, ತುಕ್ಕಿನ ಲೇಪ ಕಾಣುತ್ತದೆ. ಭತ್ತ ತನ್ನ ಬೇರಿನಿಂದ ಗಾಳಿ ಬಿಟ್ಟು ಕಬ್ಬಿಣವನ್ನು ಹೊರಗೇ ತುಕ್ಕು ಹಿಡಿಸಿ ತಡೆಯುತ್ತಿದೆ ಎಂದರ್ಥ. ಲೇಪ ವಿಪರೀತ ದಪ್ಪವಾದರೆ ಬೇರೆ ಪೋಷಕಾಂಶಗಳಿಗೂ ಅಡ್ಡಿ. ನಡುವೆ ನೀರು ಬಸಿದು ಗದ್ದೆ ಆರಿಸುವುದು, ಸುಣ್ಣ, ಪೊಟ್ಯಾಷ್ ಕೊಡುವುದು ಸಹಾಯ ಮಾಡುತ್ತವೆ.

ತೊಗರಿ, ಕಡಲೆ ಬಡ ನೆಲದಲ್ಲೂ ಬರುತ್ತವಲ್ಲ, ಗುಟ್ಟೇನು?

ಹುಳಿ. ಚಳಿಗಾಲದ ಬೆಳಗ್ಗೆ ಕಡಲೆ ಹೊಲದಲ್ಲಿ ನಡೆದವರಿಗೆ ಗೊತ್ತು, ಎಲೆಯ ಮೇಲಿನ ಇಬ್ಬನಿ ತಾಗಿದರೆ ಕಾಲು ಉರಿಯುತ್ತದೆ. ಬೆಳಗಿನ ಜಾವ ಬಟ್ಟೆ ಹಾಸಿ ಆ ಹುಳಿಯನ್ನು ಹಿಂಡಿ ಇಟ್ಟುಕೊಳ್ಳುವ ರೂಢಿಯೂ ಇತ್ತು. ಎಲೆಯಂತೆ ಬೇರೂ ಹುಳಿ ಬಿಡುತ್ತದೆ. ಅದು ಮಣ್ಣಿನ ಕಣಗಳನ್ನು ಸಡಿಲಿಸಿ ರಂಜಕ ಮತ್ತು ಲೋಹಗಳನ್ನು ಕರಗಿಸುತ್ತದೆ.

ತೊಗರಿಯದು ಇನ್ನೊಂದು ಬಗೆ. ಹೈದರಾಬಾದ್ ಬಳಿಯ ಅಂತರರಾಷ್ಟ್ರೀಯ ಕೃಷಿ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್‌ನಲ್ಲಿ ಕೆಲಸ ಮಾಡಿದ ತಂಡ 1990ರಲ್ಲಿ ಇದನ್ನು ಪ್ರಕಟಿಸಿತು. ಕೆಂಪು ಮಣ್ಣಿನಲ್ಲಿ ರಂಜಕ ಕಬ್ಬಿಣಕ್ಕೆ ಅಂಟಿಕೊಂಡಿರುತ್ತದೆ. ತೊಗರಿಯ ಬೇರು ಬಿಡುವ ಪಿಸಿಡಿಕ್ ಆಮ್ಲ ಕಬ್ಬಿಣವನ್ನು ಹಿಡಿದುಕೊಂಡು ರಂಜಕವನ್ನು ಬಿಡಿಸುತ್ತದೆ. ಲಘು ಪೋಷಕಾಂಶಕ್ಕಿಂತ ರಂಜಕದ ಕಥೆ ಇದು, ಆದರೂ ಬಿಡಲು ಮನಸ್ಸಾಗಲಿಲ್ಲ.

ಮೈಕೊರೈಜಾ ಪುಡಿ ಮಾರುತ್ತಾರೆ. ಎಲ್ಲ ಬೆಳೆಗೂ ಹಾಕಬಹುದಾ?

ಎಲ್ಲ ಬೆಳೆಗೂ ಬೇಡ. ಮೈಕೊರೈಜಾ ಅಂದರೆ ಬೇರಿನೊಳಗೆ ಮನೆ ಮಾಡಿ ನೂಲಿನಂಥ ಎಳೆಗಳನ್ನು ಮಣ್ಣಿಗೆ ಚಾಚುವ ಶಿಲೀಂಧ್ರ. ಬೇರು ರೋಮ ಹೆಚ್ಚೆಂದರೆ ಒಂದು ಮಿಲಿಮೀಟರ್ ಆಚೆ ಈಚೆ ಹೋಗುತ್ತದೆ. ಈ ಎಳೆ ಕೆಲವು ಸೆಂಟಿಮೀಟರ್ ದೂರ ಹೋಗಿ ಜಿಂಕ್, ರಂಜಕ ತಂದುಕೊಡುತ್ತದೆ. ಮೆಕ್ಕೆಜೋಳ, ತೊಗರಿ, ಈರುಳ್ಳಿ, ಮೆಣಸಿನಕಾಯಿ, ಹಣ್ಣಿನ ಗಿಡಗಳಿಗೆ ಇದರ ನೆಂಟಸ್ತಿಕೆ ಇದೆ. ಈರುಳ್ಳಿಗಂತೂ ಬೇರು ರೋಮ ತೀರಾ ಕಡಿಮೆ, ಇದೇ ಆಸರೆ.

ಸಾಸಿವೆ, ಎಲೆಕೋಸು, ಹೂಕೋಸು, ಮೂಲಂಗಿ ಈ ಶಿಲೀಂಧ್ರವನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಬೀಟ್‌ರೂಟ್, ಪಾಲಕ್ ಕೂಡ ಅಷ್ಟೇ. ಇವುಗಳಿಗೆ ಪುಡಿ ಹಾಕುವುದು ದುಡ್ಡು ದಂಡ. ಇನ್ನೊಂದು ಮಾತು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ: ನೆಲವನ್ನು ವರ್ಷಗಟ್ಟಲೆ ಬೀಳು ಬಿಟ್ಟು ಸ್ವಚ್ಛವಾಗಿ ಇಟ್ಟರೆ ಶಿಲೀಂಧ್ರವೂ ಸಾಯುತ್ತದೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನ ಎರೆ ಭೂಮಿಯಲ್ಲಿ ದೀರ್ಘ ಬೀಳಿನ ನಂತರ ಬಿತ್ತಿದ ಬೆಳೆ ಜಿಂಕ್, ರಂಜಕ ಸಿಗದೆ ಕುಂಠಿತವಾಗುವುದಕ್ಕೆ ಇದೇ ಕಾರಣ ಎಂದು 1980ರ ದಶಕದಲ್ಲಿ ಗೊತ್ತಾಯಿತು.

ಡಿಎಪಿ ಜಾಸ್ತಿ ಹಾಕಿದ್ರೆ ಜಿಂಕ್ ಕೊರತೆ ಬರುತ್ತಾ?

ಬರಬಹುದು. ಡಿಎಪಿ ಅಂದರೆ ರಂಜಕ ಹೆಚ್ಚಿರುವ ಗೊಬ್ಬರ. ರಂಜಕ ಕೈತುಂಬಾ ಸಿಕ್ಕಾಗ ಗಿಡಕ್ಕೆ ಮೈಕೊರೈಜಾ ಶಿಲೀಂಧ್ರದ ಹಂಗಿಲ್ಲ, ಅದಕ್ಕೆ ಸಕ್ಕರೆ ಕೊಡುವುದನ್ನು ಕಡಿಮೆ ಮಾಡುತ್ತದೆ. ಶಿಲೀಂಧ್ರ ಹೋದರೆ ಅದು ತರುತ್ತಿದ್ದ ಜಿಂಕ್ ಕೂಡ ಹೋಯಿತು. ಮೇಲಾಗಿ ರಂಜಕದಿಂದ ಗಿಡ ಬೇಗ ಬೆಳೆದು, ಇದ್ದಷ್ಟು ಜಿಂಕ್ ತೆಳುವಾಗಿ ಹರಡುತ್ತದೆ.

ನಾನೂ ಒಮ್ಮೆ ಕೂಲಿ ಉಳಿಸಲು ಡಿಎಪಿ, ಜಿಂಕ್ ಸಲ್ಫೇಟ್ ಎರಡನ್ನೂ ಒಂದೇ ಬಾನಿಯಲ್ಲಿ ಕಲೆಸಿ ಮೆಕ್ಕೆಜೋಳಕ್ಕೆ ಹಾಕಿದ್ದೆ. ಸಸಿಗಳ ಸುಳಿ ಬೆಳ್ಳಗೆ ಬಂತು. ಎರಡೂ ಸೇರಿದರೆ ಕರಗದ ಜಿಂಕ್ ಫಾಸ್ಫೇಟ್ ಆಗುತ್ತದೆ. ಜಿಂಕನ್ನು ಮರಳು ಅಥವಾ ಕೊಟ್ಟಿಗೆ ಗೊಬ್ಬರದ ಜೊತೆ ಕಲೆಸಿ ಬೇರೆಯಾಗಿ ಹಾಕಿ. ಎಕರೆಗೆ 8ರಿಂದ 10 ಕೆಜಿ ಜಿಂಕ್ ಸಲ್ಫೇಟ್ ಸಾಮಾನ್ಯ ಶಿಫಾರಸು. ಒಮ್ಮೆ ಹಾಕಿದರೆ ಎರಡು ಮೂರು ಬೆಳೆಗೆ ಬರುತ್ತದೆ, ಪ್ರತಿ ಹಂಗಾಮಿಗೆ ಬೇಡ. ಚೀಲದ ಮೇಲೆ 21 ಶೇಕಡಾ ಇದೆಯೋ 33 ಶೇಕಡಾ ಇದೆಯೋ ನೋಡಿಕೊಳ್ಳಿ, ಎರಡೂ ಬಗೆ ಸಿಗುತ್ತವೆ.

ಬೋರಾನ್ ಯಾವ ಬೆಳೆಗೆ ಜಾಸ್ತಿ ಬೇಕು?

ಹುಲ್ಲಿನ ಜಾತಿಗೆ ಕಡಿಮೆ. ಸೂರ್ಯಕಾಂತಿ, ಹೂಕೋಸು, ಪಪ್ಪಾಯಿ, ತೆಂಗು, ಶೇಂಗಾಕ್ಕೆ ಜಾಸ್ತಿ. ಪರಾಗ ಮೊಳೆತು ಕೆಳಗಿಳಿಯಲು ಬೋರಾನ್ ಬೇಕು. ಹಾಗಾಗಿ ಸೂರ್ಯಕಾಂತಿಯ ತೆನೆ ದೊಡ್ಡದಾಗಿದ್ದು ನಡುವೆ ಜೊಳ್ಳಾದರೆ ಇದರ ಮೇಲೆ ಅನುಮಾನ ಪಡಿ. ಹೂಕೋಸಿನ ದಂಟು ಟೊಳ್ಳು, ಶೇಂಗಾ ಕಾಳಿನ ಒಳಗೆ ಕಪ್ಪು ಕುಳಿ, ತೆಂಗಿನ ಸುಳಿ ಗರಿ ಬಿಚ್ಚದೆ ಮುದುಡುವುದು, ಪಪ್ಪಾಯಿ ಹಣ್ಣಿನ ಮೈ ಗಂಟು ಗಂಟಾಗುವುದು, ಎಲ್ಲ ಇದರದೇ ಗುರುತು.

ಬಹುಪಾಲು ಬೆಳೆಗಳಲ್ಲಿ ಬೋರಾನ್ ಎಲೆಗೆ ಹೋಗಿ ಕೂತರೆ ಮತ್ತೆ ಹೊರಡುವುದಿಲ್ಲ. ಇಂದು ಹೊಡೆದದ್ದು ಮುಂದಿನ ತಿಂಗಳ ಹೂವಿಗೆ ಸಿಗದು, ಹೂವಿನ ಹೊತ್ತಿಗೇ ಕೊಡಬೇಕು. ಸೂರ್ಯಕಾಂತಿಗೆ ಹಳದಿ ಎಸಳು ತೆರೆಯುವಾಗ ಲೀಟರ್‌ಗೆ 2 ಗ್ರಾಂ ಬೋರಾಕ್ಸ್ ಸಿಂಪಡಿಸುವುದು ಈ ಕಾರಣಕ್ಕೇ. ಸೇಬಿನಂಥ ಕೆಲವು ಮಾತ್ರ ಬೇರೆ. ಅವುಗಳ ರಸದಲ್ಲಿರುವ ಒಂದು ಬಗೆಯ ಸಕ್ಕರೆ ಬೋರಾನನ್ನು ಹೊತ್ತು ತಿರುಗುತ್ತದೆ.

ಒಂದು ಎಚ್ಚರಿಕೆ. ಬೋರಾನ್‌ನಲ್ಲಿ ಸಾಲದು ಮತ್ತು ಜಾಸ್ತಿಯಾಯಿತು ಎಂಬುದರ ನಡುವಿನ ಗೆರೆ ಬಹಳ ತೆಳು. ಕೈ ಅಂದಾಜಿನಲ್ಲಿ ಹಾಕಬೇಡಿ.

ಎಲೆ ನೋಡಿದ್ರೆ ಯಾವುದರ ಕೊರತೆ ಅಂತ ಗೊತ್ತಾಗುತ್ತಾ?

ಅಂದಾಜು ಸಿಗುತ್ತದೆ. ಹೊಸ ಎಲೆ ಹಳದಿ, ನರ ಹಸಿರು ಎಂದರೆ ಕಬ್ಬಿಣ. ಹಳೆ ಎಲೆ ಮೊದಲು ಹಳದಿಯಾದರೆ ಬಹುತೇಕ ಸಾರಜನಕ. ಜಿಂಕ್ ಕೊರತೆಯಲ್ಲಿ ಎಲೆ ಸಣ್ಣದಾಗುತ್ತದೆ, ಗೆಣ್ಣು ಹತ್ತಿರವಾಗುತ್ತದೆ. ಕಾಫಿ ಮತ್ತು ಕಿತ್ತಳೆಯಲ್ಲಿ ಇದು ಚೆನ್ನಾಗಿ ಕಾಣುತ್ತದೆ. ನಂಜು ರೋಗ, ಬೇರು ಹುಳ, ಕಳೆನಾಶಕದ ಪೆಟ್ಟು ಕೂಡ ಇದೇ ವೇಷ ಹಾಕಿಕೊಂಡು ಬರುತ್ತವೆ. ಮೊಬೈಲ್‌ನಲ್ಲಿ ಕಳಿಸಿದ ಒಂದು ಫೋಟೊ ನೋಡಿ ಖಚಿತವಾಗಿ ಹೇಳುವವರನ್ನು ನಾನು ನಂಬುವುದಿಲ್ಲ.

ಮಾಲಿಬ್ಡಿನಂ?

ಇದು ಎಲ್ಲರಿಗೂ ಉಲ್ಟಾ. ಹುಳಿ ಮಣ್ಣಿನಲ್ಲಿ ಕೊರತೆ, ಸುಣ್ಣ ಹಾಕಿದರೆ ಸಿಗುತ್ತದೆ. ಶೇಂಗಾ, ಕಡಲೆಯಂಥ ಬೆಳೆಗಳ ಬೇರು ಗಂಟು ಗಾಳಿಯ ಸಾರಜನಕ ಹಿಡಿಯಲು ಇದು ಬೇಕೇ ಬೇಕು.

ಮಣ್ಣು ಪರೀಕ್ಷೆ ಚೀಟಿಯ ಅಂಕಿಗಳನ್ನು ಹೇಗೆ ಓದೋದು?

2015ರಲ್ಲಿ ಶುರುವಾದ ಮಣ್ಣು ಆರೋಗ್ಯ ಚೀಟಿಯಲ್ಲಿ ಜಿಂಕ್, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್ ಐದೂ ಇವೆ. ಅಲ್ಲಿರುವುದು ಮಣ್ಣಿನ ಒಟ್ಟು ಪ್ರಮಾಣ ಅಲ್ಲ. ಡಿಟಿಪಿಎ ಎಂಬ ದ್ರಾವಣ ಎಳೆದು ತೆಗೆದಷ್ಟು ಮಾತ್ರ. ಬೋರಾನ್‌ಗೆ ಬಿಸಿ ನೀರು ಬಳಸುತ್ತಾರೆ. ಜಿಂಕ್ 0.6 ಪಿಪಿಎಂ (ಹತ್ತು ಲಕ್ಷ ಪಾಲು ಮಣ್ಣಿಗೆ 0.6 ಪಾಲು), ಕಬ್ಬಿಣ 4.5, ಬೋರಾನ್ 0.5, ಇವು ಸಾಮಾನ್ಯವಾಗಿ ಬಳಸುವ ಗಡಿಗಳು. ಅದಕ್ಕಿಂತ ಕೆಳಗಿದ್ದರೆ ಕೊರತೆ. 2009ರಲ್ಲಿ ಕರ್ನಾಟಕ ಸರ್ಕಾರ ಇಕ್ರಿಸ್ಯಾಟ್ ಜೊತೆ ಶುರು ಮಾಡಿದ ಭೂಚೇತನ ಯೋಜನೆಯಲ್ಲಿ ಮಳೆಯಾಶ್ರಿತ ಹೊಲಗಳ ಮಣ್ಣು ನೋಡಿದಾಗ ಜಿಂಕ್, ಬೋರಾನ್, ಗಂಧಕ ಮೂರೂ ವ್ಯಾಪಕವಾಗಿ ಕಡಿಮೆ ಇರುವುದು ಕಂಡಿತ್ತು.

ಆದರೆ ಆ ದ್ರಾವಣ ಬಾರ್ಲಿಯೂ ಅಲ್ಲ, ಶೇಂಗಾವೂ ಅಲ್ಲ. ಚೀಟಿ ಒಂದೇ, ಬೆಳೆ ಬೇರೆ. ಗಡಿಯ ಆಸುಪಾಸಿನ ಅಂಕಿ ಬಂದರೆ ಬೆಳೆ ಯಾವುದು ಎಂದು ನೋಡಿ ತೀರ್ಮಾನಿಸಿ. ಕಬ್ಬಿಣದ ಅಂಕಿಯನ್ನಂತೂ ರಸಸಾರ, ಸುಣ್ಣದ ಅಂಶ ಎರಡರ ಜೊತೆಯಲ್ಲೇ ಓದಬೇಕು.

ಎರೆ ಭೂಮಿಗೆ ಗಂಧಕ ಹಾಕಿ ರಸಸಾರ ಇಳಿಸಬಹುದಲ್ಲ?

ಮತ್ತೆ ಲೆಕ್ಕ. 9 ಲಕ್ಷ ಕೆಜಿ ಮಣ್ಣಿನಲ್ಲಿ ಸುಣ್ಣ ನೂರಕ್ಕೆ 1 ಪಾಲು ಇದ್ದರೆ 9,000 ಕೆಜಿ. ಅದನ್ನು ಪೂರ್ತಿ ಕರಗಿಸಲು ಎಕರೆಗೆ ಸುಮಾರು 2,900 ಕೆಜಿ ಗಂಧಕ ಬೇಕು. ನಮ್ಮ ಎಷ್ಟೋ ಎರೆ ಹೊಲಗಳಲ್ಲಿ ಸುಣ್ಣ ಇದರ ಹಲವು ಪಟ್ಟು. ಇಡೀ ಹೊಲವನ್ನು ಬದಲಿಸುವ ಆಸೆ ಬಿಡಿ. ಬೇರಿನ ಸುತ್ತಲಿನ ಒಂದೆರಡು ಮಿಲಿಮೀಟರ್ ಬದಲಾದರೆ ಸಾಕು. ಅಮೋನಿಯಂ ಸಲ್ಫೇಟ್ ಕೊಟ್ಟರೆ ಬೇರು ಅಮೋನಿಯಂ ಹೀರುವಾಗ ತಾನೇ ಹುಳಿ ಬಿಡುತ್ತದೆ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಕೊಟ್ಟರೆ ಅದರೊಳಗಿನ ಪದಾರ್ಥಗಳೂ ಲೋಹಗಳನ್ನು ಇಕ್ಕಳದಂತೆ ಹಿಡಿದು ಕರಗಿದ ಸ್ಥಿತಿಯಲ್ಲಿ ಇಡುತ್ತವೆ.

ಚೀಲೇಟೆಡ್ ಕಬ್ಬಿಣ ಕೊಳ್ಳೋದಾ, ಅನ್ನಭೇದಿ ಸಾಕಾ?

ಅನ್ನಭೇದಿ, ಅಂದರೆ ಫೆರಸ್ ಸಲ್ಫೇಟನ್ನು ಸುಣ್ಣದ ಮಣ್ಣಿಗೆ ಹಾಕಿದರೆ ಬೇಗನೆ ತುಕ್ಕಾಗಿಬಿಡುತ್ತದೆ. ಚೀಲೇಟ್ ಅಂದರೆ ಕಬ್ಬಿಣವನ್ನು ಇಕ್ಕಳದಂತೆ ಹಿಡಿದು ಕರಗಿದ ಸ್ಥಿತಿಯಲ್ಲಿ ಇಡುವ ಪದಾರ್ಥ. ಅದರಲ್ಲಿ ಇಡಿಟಿಎ ಬಗೆ ಕೂಡ ರಸಸಾರ ಆರೂವರೆ ದಾಟಿದರೆ ಕಬ್ಬಿಣವನ್ನು ಕೈಬಿಡುತ್ತದೆ. ಎಂಟರ ಮೇಲೂ ಹಿಡಿದಿಡುವುದು ಇಡಿಡಿಎಚ್‌ಎ. ಅದು ದುಬಾರಿ. ದ್ರಾಕ್ಷಿಯಂಥ ಬೆಳೆಗೆ ಡ್ರಿಪ್‌ನಲ್ಲಿ ಕೊಟ್ಟರೆ ಲೆಕ್ಕ ಕೂಡಬಹುದು, ಶೇಂಗಾಕ್ಕೆ ಕೂಡುವುದಿಲ್ಲ.

ಶೇಂಗಾಕ್ಕೆ ಎಲೆಗೇ ಸಿಂಪಡಿಸಿ. ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್, 1 ಗ್ರಾಂ ಸಿಟ್ರಿಕ್ ಆಮ್ಲ. ಸಂಜೆ ಹೊತ್ತು, ಹತ್ತು ಹದಿನೈದು ದಿನದ ಅಂತರದಲ್ಲಿ ಎರಡು ಸಲ. ಒಂದೇ ಸಲಕ್ಕೆ ನಿಲ್ಲಿಸಿದರೆ ಹಳೆ ಎಲೆ ಹಸಿರಾಗಿ ಹೊಸ ಚಿಗುರು ಮತ್ತೆ ಹಳದಿ ಬರುತ್ತದೆ, ಯಾಕೆಂದರೆ ಕಬ್ಬಿಣವೂ ಎಲೆಯಿಂದ ಎಲೆಗೆ ಸುಲಭವಾಗಿ ಸಾಗುವುದಿಲ್ಲ. ಅಂದಂದಿನ ದ್ರಾವಣ ಅಂದೇ ಮುಗಿಸಿ. ರಾತ್ರಿ ಇಟ್ಟು ಬೆಳಗ್ಗೆ ನೋಡಿದಾಗ ಕಂದು ಬಣ್ಣಕ್ಕೆ ತಿರುಗಿದ್ದರೆ ಚೆಲ್ಲಿಬಿಡಿ, ಅದು ಈಗಾಗಲೇ ತುಕ್ಕು.